ಗಳಿಸಿದ್ದು ಸಾಕೋ ಮನವೇ

ಕಮತಿಹಾಳದ ಗುರುಶಾಂತಮ್ಮ ತಾಯಿಯವರ ಮಠವೆಂದರೆ ದೊಡ್ಡ ಮಠವೇನಲ್ಲ. ಮಣ್ಣಿನ ಒಂದು ಪಡಸಾಲೆ, ಮುಂದೊಂದು ಬೇವಿನ ಮರ, ಅಷ್ಟೇ. ಆದರೆ ಅಲ್ಲಿ ಹುಟ್ಟಿದ ಪದಗಳನ್ನು ಸುತ್ತಲಿನ ನೇಕಾರರು ಲಾಳಿ ಎಸೆಯುತ್ತ ಇಂದಿಗೂ ಹಾಡುತ್ತಾರೆ. ಇಂಥ ತಾಯಿ ನಮ್ಮ ಸೀಮೆಯವರು ಎನ್ನಲು ಯಾರಿಗೆ ತಾನೇ ಹೆಮ್ಮೆಯಾಗದು ಹೇಳಿ.

ಅಂದು ತಾಯಿಯವರು ತಬ್ಬಲಿ ಆಡಿನ ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಬಟ್ಟೆಯ ಬತ್ತಿ ಅದ್ದಿ ಹಾಲು ಕುಡಿಸುತ್ತಿದ್ದರು. ಆಗ ಬಂದರು ಚನ್ನಮಲ್ಲಪ್ಪ ಸಾಹುಕಾರರು. ಊರಿನ ಅರ್ಧ ಮಗ್ಗಗಳು ಅವರವೇ. ಬರಿಗೈಯಲ್ಲಿ ಆರಂಭಿಸಿ ಗೆದ್ದವರು. ಗೆದ್ದವರ ಬಿಗುವು ನಡಿಗೆಯಲ್ಲೇ ಕಾಣುತ್ತಿತ್ತು. ‘ಗಳಿಸಿದ್ದು ಸಾಕೋ ಮನವೇ, ಗೆದ್ದದ್ದು ಸಾಕೋ’ ಎಂಬ ತಾಯಿಯವರ ಪದ ಮಗ್ಗದ ಮನೆಯಲ್ಲಿ ದಿನವೂ ಕಿವಿಗೆ ಬಿದ್ದು, ಅವರ ಎದೆಯನ್ನು ಕೊರೆದಿತ್ತು.

“ಯವ್ವಾ, ನಿಮ್ಮ ಪದಾನ ಏನೂ ಇಲ್ಲದವರು ಹಾಡೂದು ಸಸಾರ. ನಾ ಎಲ್ಲಾ ಇದ್ದಾವ, ಮಾಡೇ ತೋರಸ್ತೀನಿ. ನಾಳಿಂದ ಮಗ್ಗ ಬಂದ್. ಎಲ್ಲಾ ಮಾರಿ ಇಲ್ಲೇ ಬಂದು ಕುಂದರ್ತೀನಿ.”

ಬೆನ್ನಿಗೇ ಓಡಿಬಂದಿದ್ದ, ಅವರದೇ ಮಗ್ಗದ ವಯಸ್ಸಾದ ನೇಕಾರ ಹೊಳಿಯಪ್ಪ ಏದುಸಿರು ಬಿಡುತ್ತ, “ಸಾಹುಕಾರ್ರು ಕಾವಿ ಉಡ್ತಾರಂತ್ರೀ ಯವ್ವಾ. ಆ ಕಾವಿ ನೇಯಾಕರೆ ಒಂದು ಮಗ್ಗ ಬಿಡ್ರಿ ಅಂತ ಹೇಳ್ರಿ. ನಮ್ಮ ಮಕ್ಕಳು ಉಣಬೇಕಲ್ರಿ” ಎಂದ.

ಸಾಹುಕಾರರು ತಿರುಗಿಯೂ ನೋಡಲಿಲ್ಲ. ತಾಯಿಯವರ ಬಾಯಿಂದ ಭೇಷ್ ಎಂಬ ಒಂದು ಮಾತಿಗೆ ಅವರ ಕಿವಿ ಕಾದಿತ್ತು. ತ್ಯಾಗದಲ್ಲೂ ಮೊದಲಿಗರಾದರೆ ಇನ್ನು ಗೆಲ್ಲುವುದೇನು ಉಳಿಯಿತು!

ತಾಯಿಯವರು ಬತ್ತಿಯನ್ನು ಮತ್ತೆ ಹಾಲಿಗೆ ಅದ್ದಿದರು.

“ಚನ್ನಮಲ್ಲಪ್ಪಾ, ನಾ ಈಗ ಏನು ಮಾಡಾಕತ್ತೀನಿ?”

“ಮರಿ ಸಾಕಾಕತ್ತೀರಿ.”

“ಹೂಂ. ನನ್ನ ಪದದಾಗ ಇರೂದೂ ಅದಽ ಸಾಕು.”

ಸಾಹುಕಾರರು ನಿಂತಲ್ಲೇ ನಿಂತರು. ಇಷ್ಟು ದಿನ ಅವರು ಕೇಳಿಸಿಕೊಂಡದ್ದು ‘ಇನ್ನು ಬೇಡ’ ಎಂಬ ಸಾಕು. ತಾಯಿಯವರು ಹಾಡಿದ್ದು ‘ಸಲಹು’ ಎಂಬ ಸಾಕು. ಅಕ್ಷರ ಎರಡೇ, ಅಂತರ ಎಷ್ಟು ನೋಡಿ.

“ಹಂಗಾರ ನಾ ಗಳಿಸಿದ್ದು ಯಾವುದ್ರೀ ಯವ್ವಾ?” ಈಗ ದನಿಯಲ್ಲಿ ಬಿಗುವಿರಲಿಲ್ಲ.

ತಾಯಿಯವರು ಹೊಳಿಯಪ್ಪನನ್ನು ಗದ್ದದಿಂದಲೇ ತೋರಿಸಿದರು. “ನಿನ್ನ ನಂಬಿದವರು.”

ಸಾಹುಕಾರರು ಬಾಗಿ ತಾಯಿಯವರ ಪಾದ ಮುಟ್ಟಿ ಎದ್ದರು. ಹೆತ್ತ ತಂದೆಯ ವಯಸ್ಸಿನ ನೇಕಾರರನ್ನೂ ಅದುವರೆಗೆ ‘ಲೇ’ ಎಂದೇ ಕರೆದವರು, ಅಂಗಳಕ್ಕಿಳಿದು ಮೆಲ್ಲಗೆ ಹೇಳಿದರು:

“ನಡೀರಿ ಹೊಳಿಯಪ್ಪನವರ, ಮಗ್ಗಕ್ಕ ಹೊತ್ತಾತು.”

ಅದ್ಯಾರಪ್ಪ ಹೊಳಿಯಪ್ಪನವರು ಎಂದು ಹೊಳಿಯಪ್ಪ ಹಿಂದಕ್ಕೆ ತಿರುಗಿ ನೋಡಿದ.