ಭಜನೆ ಪುಸ್ತಕ ತಿದ್ದಿದ ಇಲಿ

ನಮ್ಮೂರ ಗಣೇಶನ ಗುಡಿಯಲ್ಲಿ ಒಂದು ಇಲಿ ಇತ್ತು. ಸ್ವಾಮಿಯನ್ನು ಹೊತ್ತ ವಂಶ ತನ್ನದೆಂದು ಅದಕ್ಕೆ ಬಲು ಜಂಬ. ಒಂದು ದಿನ ಅದು ಭಜನೆ ಪುಸ್ತಕದಲ್ಲಿನ ಸುಳ್ಳುಗಳನ್ನು ತಿದ್ದಲು ಕೂತಿತು. ತಿದ್ದುವುದೆಂದರೆ ತಿನ್ನುವುದು.

"'ಕಣ್ಣು ಮುಚ್ಚಿದೆ, ನಿನ್ನ ಕಂಡೆ' ಅಂತೆ! ಮುಚ್ಚಿದ ಮೇಲೆ ಕಾಣುವುದೇನು, ಮಣ್ಣು?" ಎಂದು ಆ ಸಾಲನ್ನು ನುಂಗಿತು. "'ಎಲ್ಲ ಕಳೆದೆ, ಸಿರಿವಂತನಾದೆ' ಅಂತೆ! ತಲೆ ಕೆಟ್ಟವರು," ಎಂದು ಅದನ್ನೂ ನುಂಗಿತು.

ನಿಜ ಕೇಳಿದಾಗ ಮಾತ್ರ ಲೊಚಗುಟ್ಟುವ ಹಲ್ಲಿ ಗೋಡೆಯ ಮೇಲೆ ಸುಮ್ಮನಿತ್ತು.

"ನನ್ನ ಮಾತಿಗೊಮ್ಮೆ ಲೊಚಗುಟ್ಟಬಾರದೇ, ಹಲ್ಲಿಯಕ್ಕಾ?"

"ಮುಂದಿನ ಸಾಲು ಓದಿ, ಇಲಿರಾಯರೇ."

"'ಬೆಟ್ಟದಂಥ ಹೊಟ್ಟೆಯವನು ಪುಟ್ಟ ಇಲಿಯನೇರಿ ಬಂದ...'" ಇಲಿಯ ಹಲ್ಲು ಅಲ್ಲೇ ನಿಂತಿತು.

"ತಿನ್ನಿ, ಸಂಕೋಚವೇಕೆ? ಆತ ಏರಿದ್ದರೆ ನಿಮ್ಮ ಮುತ್ತಜ್ಜ ಅಂದೇ ಚಟ್ನಿಯಾಗುತ್ತಿದ್ದ."

ಇಲಿ ಮೀಸೆ ಒರೆಸಿಕೊಂಡಿತು. "ಅಕ್ಕಾ, ಹೊರಲಾಗದ್ದನ್ನು ಹೊತ್ತಿದ್ದಕ್ಕೇ ಅಲ್ಲವೇ ಹಾಡು ಹುಟ್ಟಿದ್ದು? ಆನೆ ಹೊತ್ತಿದ್ದರೆ ಯಾರು ಹಾಡುತ್ತಿದ್ದರು?"

ಹಲ್ಲಿ ಲೊಚಗುಟ್ಟಿತು. "ಸರಿ, ನುಂಗಿದ ಸಾಲುಗಳ ಗತಿ?"

ಆ ಸಂಜೆ ಭಜನೆಯವರು ಹರಿದ ಹಾಳೆ ನೋಡಿ ತಡವರಿಸಿದಾಗ, ಪೀಠದಡಿಯಿಂದ ಒಂದು ಕೀರಲು ದನಿ ಆ ಸಾಲುಗಳನ್ನು ಹಾಡಿಕೊಟ್ಟಿತು. ಇಲಿಯ ಕಣ್ಣು ಮುಚ್ಚಿತ್ತು.