ಕೋವಿ ಠಾಣೆಯಲ್ಲಿದ್ದ ಸಂಜೆ

"ಗುರುಗಳೇ, ಕೈಯಲ್ಲಿ ಕೋವಿ ಇದ್ದರೆ ಭಯ ಹೋಗುತ್ತದಲ್ಲವೇ?" ಎಂದು ಶಿಷ್ಯ ಕೇಳಿದ. ಮಠದ ತೋಟದಲ್ಲಿ ಕಳ್ಳತನವಾಗಿ, ಕಾವಲಿಗೊಂದು ಕೋವಿ ತರಿಸಬೇಕೆಂಬ ಮಾತು ನಡೆದಿತ್ತು.

"ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಕೇಳು" ಎಂದು ಗುರು ಕತೆ ಹೇಳಿದರು.

ಕಾಡಂಚಿನ ಊರಿನಲ್ಲಿ ಒಬ್ಬ ರೈತನಿದ್ದ. ಪಕ್ಕದ ಹೊಲ ಅವನ ತಮ್ಮನದು. ಆಸ್ತಿ ಪಾಲಾಗಿದ್ದರೂ ಇಬ್ಬರ ಮನಸ್ಸು ಒಡೆದಿರಲಿಲ್ಲ. ಕಾಡುಹಂದಿಗಳು ಮುಸುಕಿನ ಜೋಳಕ್ಕೆ ನುಗ್ಗುತ್ತವೆಂದು ರೈತ ಪರವಾನಗಿ ಮಾಡಿಸಿ ಕೋವಿ ತಂದ.

ಮೊದಮೊದಲು ಹಂದಿಯನ್ನು ಕಂಡು ಗುಂಡು ಹಾರಿಸುತ್ತಿದ್ದ. ಆಮೇಲೆ ಜೋಳ ಅಲುಗಿದರೆ ಸಾಕಾಯಿತು. ಈ ವರ್ಷ ಹಂದಿ ಹೆಚ್ಚಾಗಿವೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಹಂದಿ ಇದ್ದಷ್ಟೇ ಇವೆ, ನಿಮ್ಮ ಕಿವಿ ದೊಡ್ಡದಾಗಿದೆ ಎಂದು ಹೆಂಡತಿ ಹಂಗಿಸಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನಿಗೆ ಅವಳ ಮಾತು ಹಿಡಿಸಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಅದು ಮುಗಿಯುವ ತನಕ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಸರ್ಕಾರಕ್ಕೂ ಭಯವಿರುತ್ತದೆ ನೋಡು. ರೈತ ಗೊಣಗುತ್ತ ಒಪ್ಪಿಸಿ ಬಂದ. ಅಂದಿನಿಂದ ಅವನಿಗೆ ಊಟ ರುಚಿಸಲಿಲ್ಲ.

ಒಂದು ಮುಸ್ಸಂಜೆ ಜೋಳದ ನಡುವೆ ಸದ್ದಾಯಿತು. ದಂಟುಗಳು ಬಾಗುತ್ತ ಬಾಗುತ್ತ ಅವನತ್ತಲೇ ಬಂದವು. ರೈತನ ಕೈ ಹೆಗಲಿಗೆ ಹೋಯಿತು. ಹೆಗಲು ಬರಿದಾಗಿತ್ತು. ಬೇರೆ ದಾರಿ ಕಾಣದೆ ಬಾಯಿ ಬಿಟ್ಟು ಕೂಗಿದ.

"ಯಾರದು?"

"ನಾನು ಕಣಣ್ಣ" ಎಂದಿತು ತಮ್ಮನ ದನಿ. "ಕರು ಹಗ್ಗ ಕಿತ್ಕೊಂಡು ಈ ಕಡೆ ನುಗ್ತು. ನಿನ್ನ ಕೋವಿ ಠಾಣೇಲಿದೆಯಲ್ಲ ಅಂತ ಧೈರ್ಯವಾಗಿ ಒಳಗೆ ಬಂದೆ."

ರೈತ ಬದುವಿನ ಮೇಲೆ ಕುಸಿದು ಕುಳಿತ. ಕೋವಿ ಬಂದ ಮೇಲೆ ಆ ಹೊಲದಲ್ಲಿ ಅವನು 'ಯಾರದು' ಎಂದು ಕೇಳಿದ್ದು ಅದೇ ಮೊದಲು. ಕರುವನ್ನು ಹಿಡಿದುಕೊಂಡು ತಮ್ಮ ಹೊರಗೆ ಬಂದಾಗ ರೈತ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಉಸಿರು ಬಂದಂತಾಯಿತು. ಹಾಗಾದರೆ ರೈತ ಕೋವಿಯನ್ನು ಠಾಣೆಯಲ್ಲೇ ಬಿಟ್ಟನೇ ಎಂದು ಕೇಳಿದ.

"ಚುನಾವಣೆ ಮುಗಿದ ಮರುದಿನವೇ ಹೋಗಿ ಬಿಡಿಸಿಕೊಂಡು ಬಂದ, ಆ ಸಂಜೆ ಕೋವಿಯಿಲ್ಲದೆ ತಾನೆಷ್ಟು ಹೆದರಿದ್ದೆ ಎಂಬುದೊಂದೇ ಅವನ ನೆನಪಿನಲ್ಲಿ ಉಳಿದಿತ್ತು" ಎಂದರು ಗುರು.