ಬೆಳ್ಳಕ್ಕಿಗೆ ಬೊಗಳಿದ ಕಾವಲು ನಾಯಿ

ಕೆರೆಯಂಗಳದಲ್ಲಿ ಮೇಯುವ ಎಮ್ಮೆಗಳು, ತೋಳ ಬಂದರೆ ಬೊಗಳಿ ಓಡಿಸಲಿ ಎಂದು ಒಂದು ನಾಯಿಯನ್ನು ಕಾವಲಿಗೆ ಇಟ್ಟುಕೊಂಡವು. ದಿನವೂ ಅದಕ್ಕೆ ಹಾಲು ಕೊಡುತ್ತಿದ್ದವು. ಮೈ ತುಂಬಿಕೊಂಡ ಮೇಲೆ ನಾಯಿಯ ದನಿ ಬದಲಾಯಿತು.

ಒಂದು ಬೆಳಿಗ್ಗೆ ಬೆಳ್ಳಕ್ಕಿಯೊಂದು ಎಂದಿನಂತೆ ಮುದಿ ಎಮ್ಮೆಯ ಬೆನ್ನೇರಿ, ರಕ್ತ ಹೀರುವ ಉಣುಗುಗಳನ್ನು ಹೆಕ್ಕುತ್ತಿತ್ತು.

ನಾಯಿ ಗುರ್ರೆಂದಿತು: "ಇಳಿ ಕೆಳಗೆ! ಯಾರ ಅಪ್ಪಣೆ ಪಡೆದು ಹತ್ತಿದೆ?"

"ಎಮ್ಮೆ ಕರೆಯಿತು, ಹತ್ತಿದೆ. ಅದರ ನವೆ ಹೋಗುತ್ತದೆ, ನನ್ನ ಹೊಟ್ಟೆ ತುಂಬುತ್ತದೆ."

"ಇನ್ನು ಮುಂದೆ ನನ್ನ ಅಪ್ಪಣೆ ಬೇಕು. ಯಾವ ಬೆನ್ನು, ಎಷ್ಟು ಹೊತ್ತು, ಎಷ್ಟು ಉಣುಗು, ಎಲ್ಲವನ್ನೂ ನಾನು ಹೇಳುತ್ತೇನೆ. ನಿಮ್ಮಷ್ಟಕ್ಕೆ ಬಿಟ್ಟರೆ ಎಲ್ಲ ಕೆಟ್ಟುಹೋಗುತ್ತದೆ."

ಬೆಳ್ಳಕ್ಕಿ ಹೆದರಿ ಹಾರಿಹೋಯಿತು. ವಾರದೊಳಗೆ ಎಮ್ಮೆಯ ಬೆನ್ನೆಲ್ಲ ಹುಣ್ಣಾಯಿತು. ಅದೇ ವಾರ ತೋಳ ಬಂದು ಅದರ ಕರುವನ್ನೂ ಎಳೆದುಕೊಂಡು ಹೋಯಿತು. ಆಗ ನಾಯಿ ಆಚೆ ದಂಡೆಯಲ್ಲಿ ಬೆಳ್ಳಕ್ಕಿಗಳನ್ನು ಅಟ್ಟಾಡಿಸುತ್ತಿತ್ತು.

ಎಮ್ಮೆ ಕೊಂಬು ಬಗ್ಗಿಸಿ ನಾಯಿಯ ಮುಂದೆ ಬಂದು ನಿಂತಿತು. "ನೀನು ಹುಟ್ಟುವ ಮೊದಲಿನಿಂದಲೂ ಬೆಳ್ಳಕ್ಕಿ ನಮ್ಮ ಬೆನ್ನ ಮೇಲಿದೆ. ಯಾರೂ ಹೇಳಿಕೊಡದೆ ನಾವು ನಾವೇ ಒಪ್ಪಿಕೊಂಡು ಬಾಳಿದ್ದೇವೆ. ನಿನಗೆ ಹಾಲು ಹಾಕಿದ್ದು ತೋಳನನ್ನು ಓಡಿಸಲೆಂದು. ಯಾರಿಗೂ ಕೇಡು ಮಾಡದ ಹಕ್ಕಿಯ ಮೇಲೆ ಪೌರುಷ ತೋರಿಸುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ?"

ಆ ದಿನದ ಹಾಲು ನೆಕ್ಕುತ್ತಿದ್ದ ನಾಯಿ ತಲೆಯನ್ನೂ ಎತ್ತದೆ ಹೇಳಿತು: "ತೋಳ ಕಚ್ಚುತ್ತದೆ. ಬೆಳ್ಳಕ್ಕಿ ಕಚ್ಚುವುದಿಲ್ಲ."